ಚಾದರದ ಅಂಚು

ಸೊಲ್ಲಾಪುರದಲ್ಲಿ ಚಾದರ ಮಾರುವ ಗುರುಸಿದ್ಧಪ್ಪನವರಿಗೆ ಕಪ್ಪು ರಂಧ್ರದ ಹುಚ್ಚು. ಮದುವೆಗೆ ಕೊಡಲು ಚಾದರ ಕೇಳಿ ಬಂದವರ ಕೈಗೇ ನಾಲ್ಕು ಮೂಲೆ ಹಿಡಿಸಿ, ನಡುವೆ ಕಬ್ಬಿಣದ ತೂಕದ ಕಲ್ಲಿಟ್ಟು, ಅಂಚಿನಿಂದ ಒಂದು ಶೇಂಗಾಕಾಳು ಉರುಳಿಬಿಡುತ್ತಾರೆ. "ನೋಡ್ರಿ, ಆಕಾಶದಾಗಿನ ಕಪ್ಪು ರಂಧ್ರನೂ ಹಿಂಗ. ಒಳಗ ಹೋದದ್ದು ತಿರುಗಿ ಬರಂಗಿಲ್ಲ, ಬೆಳಕೂ ಬರಂಗಿಲ್ಲ." "ನಮ್ಮೂರ ಮೈಂದರ್ಗಿ ಬಸ್ಸೂ ಹೊತ್ತಿಗೆ ಬರಂಗಿಲ್ಲ, ಅದರಾಗೇ ಬಿದ್ದಿರಬೇಕು ಸಾವಕಾರ" ಎಂದು ಗಿರಾಕಿಗಳು ಕಾಡಿಸಿದರೆ ತಾವೂ ನಗುತ್ತಾರೆ. ಬಿದ್ದದ್ದು ಏನಾಗುತ್ತದೆ ಎಂದು ಕೇಳಿದರೆ ಮಾತ್ರ ಅವರ ದನಿ ಇಳಿಯುತ್ತದೆ. "ಒಳಗಿಂದು ಯಾರಿಗೂ ಗೊತ್ತಿಲ್ರಿ. ಹೊರಗ ನಿಂತು ನೋಡೋರಿಗೆ ಅದು ಅಂಚಿನ್ಯಾಗ ನಿಂತಂಗ ಕಾಣತದ, ಕೆಂಪಾಗಿ ಮಾಸ್ಕೋತ. ಪೂರಾ ಅಳಿಸಿ ಹೋಗಂಗಿಲ್ಲ ಅಂತ ಕೆಲವು ಶಾಣ್ಯಾರು ಅಂತಾರ." ಗಲ್ಲಾದ ಪಕ್ಕದಲ್ಲಿ ಅವರ ಹೆಂಡತಿ ಇಂದುಬಾಯಿ ಕೂತಿರುತ್ತಾರೆ. ಮರೆವಿನ ಕಾಯಿಲೆಯಲ್ಲಿ ಮಕ್ಕಳ ಹೆಸರು ಹೋಯಿತು, ಗಂಡನ ಗುರುತೂ ಹೋಯಿತು. "ನೀವು ಯಾರ್ರಿ?" ಎಂದು ಆಕೆ ಕೇಳಿದಾಗ, "ನಿನ್ನ ಹಳೇ ಗಿರಾಕಿ" ಎನ್ನುತ್ತಾರೆ. ಬಂದವರು ಹೋದ ಮೇಲೆ ಗುರುಸಿದ್ಧಪ್ಪನವರು ಚಾದರದ ಎರಡು ಮೂಲೆ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಯಾರೂ ಹೇಳದೆಯೇ ಇಂದುಬಾಯಿ ಎದ್ದು ಇನ್ನೆರಡು ಮೂಲೆ ಹಿಡಿದು, ಜಾಡಿಸಿ, ಮಡಿಕೆ ಕೂಡಿಸುತ್ತ ನಡೆದು ಬಂದು, ತಮ್ಮ ಅಂಚನ್ನು ಗಂಡನ ಕೈಗೆ ಕೊಡುತ್ತಾರೆ. ಮುಂದಿನ ಗಿರಾಕಿ ಬರೀ ಟಾವೆಲ್ ಕೇಳಿದರೂ ಗುರುಸಿದ್ಧಪ್ಪನವರು ಮತ್ತೆ ಆ ಚಾದರ ಬಿಚ್ಚುತ್ತಾರೆ.