ಗಣಪಣ್ಣ ಕಲಿಸಿದ ಗಾಲ್ಫ್

ನಂಬಲಿಕ್ಕೇ ಆಗುತ್ತಿಲ್ಲ...
ಬೆಳಿಗ್ಗೆ ಫೋನ್ ಬಂತು. ಗಣಪಣ್ಣ ಇಲ್ಲ.
ಹೋದ ಸೋಮವಾರ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು.
“ಎಂತಾ ತಮಾ, ಆರಾಮಿದ್ಯಾ?” ಅಂದರು.
ಕೇಳಿಸದವನ ಹಾಗೆ ಬಸ್ಸು ಹತ್ತಿದೆ...

ಮಧ್ಯಾಹ್ನದಿಂದ ಈ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಬರೆಯುತ್ತಿದ್ದೀರಿ.
ಗ್ರೇಟ್ ಲೀಡರ್... ನಮ್ಮ ಗುರು...
ಇದ್ದಾಗ ‘ಗಾಲ್ಫ್ ಗಣಪಣ್ಣ’ ಎಂದು ಬೆನ್ನ ಹಿಂದೆ ನಕ್ಕವರೂ ನೀವೇ.
ನಾನೂ ನಕ್ಕಿದ್ದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಗಣಪಣ್ಣ ನಮ್ಮ ಅಡಿಕೆ ಸಂಘದ ಮ್ಯಾನೇಜರ್ ಆಗಿದ್ದವರು. ನಾನು ಅವರ ಅಸಿಸ್ಟೆಂಟ್.
ತೊಂಬತ್ತೆಂಟರಲ್ಲಿ ಬೆಂಗಳೂರಿಗೆ ಲೀಡರ್‌ಶಿಪ್ ಟ್ರೇನಿಂಗಿಗೆ ಹೋದವರು, ಹಳೇ ಗಾಲ್ಫ್ ಕೋಲೊಂದನ್ನು ಹಿಡಿದುಕೊಂಡು ಬಂದರು.
ಹುಲಗೋಳದಲ್ಲಿ ಒಣಹುಲ್ಲಿನ ಕರಡ ಕೊಯ್ದು ಬೋಳಾದ ಬೇಣದ ಗುಡ್ಡವೇ ಮೈದಾನ.
ನೆಲದಲ್ಲಿ ಹುಗಿದ ಹಾಲಿನಪುಡಿ ಡಬ್ಬವೇ ಹೋಲ್.
ಪ್ರತಿ ಭಾನುವಾರ ನಾವು ನಾಲ್ಕು ಜನ ಆಫೀಸರುಗಳಿಗೆ ಅಲ್ಲಿ ಪಾಠ.

ಹೊಡೆತ ತಪ್ಪಿ ನಾನು ಕೋಲು ಬಿಸಾಡಿದರೆ...
“ಸಿಟ್ಟು ಬಂತಾ? ಚೆಂಡು ಬಿದ್ದಲ್ಲಿವರೆಗೆ ಬಾಯಿ ಮುಚ್ಗಂಡು ನಡೆ. ಅಲ್ಲಿಗೆ ಹೋಪಷ್ಟೊತ್ತಿಗೆ ಇಳೀತು.”
ಚೆಂಡನ್ನು ಕಾಲಲ್ಲಿ ಮೆಲ್ಲಗೆ ಸರಿಸಿದರೆ...
“ಇಲ್ಲಿ ಅಂಪೈರ್ ಇಲ್ಲೆ ತಮಾ. ತಪ್ಪಾದ್ರೆ ನೀನೇ ಹೇಳವು.”

ಗಣಪಣ್ಣ...
ಮೊದಲನೆಯದನ್ನು ಚೆನ್ನಾಗಿ ಕಲಿತೆ. ಎರಡನೆಯದು ತಲೆಗೆ ಹತ್ತಲಿಲ್ಲ.
ಆವತ್ತು ಟೆಂಡರಿನಲ್ಲಿ ಇಬ್ಬರು ಬೆಳೆಗಾರರ ಅಡಿಕೆ ರಾಶಿಯ ಮೇಲಿನ ಲಾಟ್ ಚೀಟಿ ಅದಲುಬದಲಾಗಿ, ಒಬ್ಬನ ದರ ಇನ್ನೊಬ್ಬನಿಗೆ ಹೋಗಿ ದೊಡ್ಡ ರಂಪವಾಯಿತಲ್ಲ...
ಚೀಟಿ ಇಟ್ಟವನು ನಾನು.
ಡೈರೆಕ್ಟರುಗಳ ಮೀಟಿಂಗಿನಲ್ಲಿ “ಮ್ಯಾನೇಜರ್ ಹೇಳಿದ ಹಾಗೇ ಇಟ್ಟೆ” ಅಂದೆ.
ದನಿ ಏರಲಿಲ್ಲ.
ಆ ಸಮಾಧಾನ ನೀವು ಕಲಿಸಿದ್ದು.

ನೀವು ಒಮ್ಮೆ ನನ್ನ ಮುಖ ನೋಡಿದಿರಿ.
ಆಮೇಲೆ ಮೀಟಿಂಗ್ ಹಾಲ್‌ನಿಂದ ಗೇಟಿನ ತನಕ ಬಾಯಿ ಮುಚ್ಚಿಕೊಂಡು ನಡೆದು ಹೋದಿರಿ...
ತಿಂಗಳೊಳಗೆ ನಿಮ್ಮ ರಾಜೀನಾಮೆ. ನಿಮ್ಮ ಕುರ್ಚಿಯಲ್ಲಿ ನಾನು.
‘ಹೊಸ ಮ್ಯಾನೇಜರಿಗೆ ಸಿಟ್ಟೇ ಬರುವುದಿಲ್ಲ’ ಎಂದು ಹೊಗಳುತ್ತಾರೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಡೈರೆಕ್ಟರುಗಳೂ ಇದನ್ನು ಓದುತ್ತಾರೆ. ಓದಲಿ.
ನಾಳೆ ಕುರ್ಚಿ ಹೋದರೆ ಹೋಗಲಿ.
ತಪ್ಪು ನನ್ನದು. ಯಾರೂ ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ...
ಮೂರು ವರ್ಷ ತಡವಾಗಿ. ನೀವು ಹೋದ ಮೇಲೆ.

ಹೋಗಿ ಬನ್ನಿ ಗಣಪಣ್ಣ.
ನಿಮ್ಮ ಆತ್ಮಕ್ಕೆ ಶಾಂತಿ ಸಿಗಲಿ...
ನನಗೆ ಬೇಡ.