ಬಿಸಿಲು ಬೀಳದ ಕಿಟಕಿಯ ಪುದೀನ

ಈ ಮನೆಯನ್ನು ಬಾಡಿಗೆಗೆ ಹಿಡಿಯುವ ಮೊದಲು ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅಡುಗೆಮನೆ ಕಿಟಕಿಗೆ ಬಿಸಿಲು ಬೀಳತ್ತೇನೋ?"

"ಧಾರಾಳವಾಗಿ," ಅಂದೆ.

ನಾನು ಆ ಕಿಟಕಿಯನ್ನು ತೆರೆದೇ ನೋಡಿರಲಿಲ್ಲ. ಕೆಲಸ ಮುಗಿಸಿಕೊಂಡು ಮನೆ ನೋಡಲು ಹೋದಾಗ ಕತ್ತಲಾಗಿತ್ತು, ಟ್ಯೂಬ್‌ಲೈಟ್ ಉರಿಯುತ್ತಿತ್ತು. ನಾನು ಕೆಲಸಕ್ಕಿರುವ ಪೇಂಟ್ ಅಂಗಡಿ ಅಲ್ಲಿಂದ ಕೂಗಳತೆ. ಬೆಳಿಗ್ಗೆ ಇನ್ನಷ್ಟು ಹೊತ್ತು ಬಿದ್ದುಕೊಂಡಿರಬಹುದು ಎನ್ನುವುದನ್ನು ಬಿಟ್ಟು ಬೇರೇನೂ ನನ್ನ ತಲೆಗೆ ಹೋಗಲಿಲ್ಲ. "ಹಗಲು ಬೆಳಕಲ್ಲಿ ನೋಡಿ ಆರಿಸಿ ಸಾರ್" ಎಂದು ಗಿರಾಕಿಗಳಿಗೆ ದಿನವಿಡೀ ಬುದ್ಧಿ ಹೇಳುವವನೂ ನಾನೇ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಬಟ್ಟೆ ಫ್ಯಾಕ್ಟರಿಯಲ್ಲಿ ಅಂಗಿಗಳಿಗೆ ಕಾಜಾ ಹೊಡೆಯುತ್ತಿದ್ದಳು. ಅರ್ಧ ಊರು ಗುಂಡಿ ಹಾಕಿಕೊಂಡು ಮರ್ಯಾದೆಯಿಂದ ಓಡಾಡುವುದು ತನ್ನ ದಯೆಯಿಂದ ಎಂದು ಅವಳ ಲೆಕ್ಕ. ಅವಳ ಮಷಿನ್ನಿನ ಮುಂದೆ ಇದ್ದದ್ದು ಬರೀ ಗೋಡೆ. ಇದ್ದೊಂದು ಕಿಟಕಿ ಸೂಪರ್‌ವೈಸರ್ ಪಾಲಿಗೆ. ಕೊನೆಗೆ "ಮೊಣಕಾಲು ಕೈಕೊಡ್ತು ಕಣೋ" ಅಂದಳು. ಆ ಮಾತಿಗೆ ತಾನೇ ನಗುತ್ತ ಕೆಲಸ ಬಿಟ್ಟಳು. "ಇನ್ಮೇಲೆ ಏನ್ ಮಾಡಿದ್ರೂ ಹಸಿರು ನೋಡ್ಕೊಂಡು ಮಾಡ್ತೀನಿ" ಅಂದಳು.

ಅವಳ ಗಿಡಗಳು ನರ್ಸರಿಯ ಮುಖ ಕಂಡವಲ್ಲ. ಎಲೆ ಬಿಡಿಸಿಕೊಂಡ ಪುದೀನ ಕಡ್ಡಿಗಳನ್ನು ಲೋಟದ ನೀರಿನಲ್ಲಿ ನಿಲ್ಲಿಸಿ, ಬೇರು ಬಿಟ್ಟ ಮೇಲೆ ಡಬ್ಬಕ್ಕೆ ಇಳಿಸುತ್ತಾಳೆ. ಇನ್ನೊಂದು ಡಬ್ಬದಲ್ಲಿ ಮೊಳಕೆಯೊಡೆದ ಬೆಳ್ಳುಳ್ಳಿ ಎಸಳು, ಮತ್ತೊಂದರಲ್ಲಿ ಯಾರದೋ ಮನೆಯಿಂದ ಚಿವುಟಿ ತಂದ ದೊಡ್ಡಪತ್ರೆ. ಎಲ್ಲವೂ ತಳಕ್ಕೆ ಮೊಳೆಯಿಂದ ತೂತು ಹೊಡೆದ ಹಳೆಯ ಎಣ್ಣೆ ಡಬ್ಬಗಳು.

"ಕಾಸು ಕೊಟ್ಟು ತಂದ ಗಿಡಕ್ಕೆ ಜಂಭ ಜಾಸ್ತಿ ಕಣೋ, ಸ್ವಲ್ಪ ಮರೆತ್ರೆ ಮುನಿಸ್ಕೊಂಡು ಸಾಯತ್ತೆ. ಇವು ಕಸದ ಬುಟ್ಟಿಗೆ ಹೋಗ್ಬೇಕಾಗಿದ್ದವು, ಬದುಕಿದ್ದೇ ಲಾಭ ಅಂದ್ಕೊಂಡಿರ್ತವೆ."

ಮನೆಗೆ ಬಂದ ದಿನ ಅವಳು ಕಿಟಕಿ ತೆರೆದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಸಾಮಾನು ತರುವ ನೆಪದಲ್ಲಿ ನಾನು ಮೆಟ್ಟಿಲಿಗೆ ಓಡಿದೆ. ಗೋಣಿಚೀಲ ಹೊತ್ತು ಮೇಲೆ ಬರುವಾಗ ಅವಳು ಡಬ್ಬಗಳನ್ನು ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದಳು.

ಇವತ್ತು ಸಾಯುತ್ತವೆ, ನಾಳೆ ಸಾಯುತ್ತವೆ ಎಂದು ದಿನವೂ ಸಂಜೆ ಕಳ್ಳನ ಹಾಗೆ ಇಣುಕುತ್ತಿದ್ದೆ. ಸಾಯಲಿಲ್ಲ. ಪುದೀನವಂತೂ ಡಬ್ಬದಿಂದ ಹೊರಗೆ ಜೋಲತೊಡಗಿತು. ನನ್ನ ಅಳುಕು ಮೆಲ್ಲಗೆ ಜಂಭವಾಗಿ ಬಡ್ತಿ ಪಡೆಯಿತು.

ನಮ್ಮ ಅಂಗಡಿಯ ಕ್ಯಾಷಿಯರ್ ಅಕ್ಕ ಒಂದು ದಿನ ಕೇಳಿದರು. "ನಮ್ಮನೆ ಅಡುಗೆಮನೆ ಕಿಟಕಿಗೆ ಯಾವ ಗಿಡ ಹಾಕ್ಲೋ? ಅಗ್ಗವಾಗಿರ್ಬೇಕು, ಸೇವೆ ಕೇಳ್ಬಾರ್ದು. ಆದ್ರೆ ಅಲ್ಲಿ ಬಿಸಿಲಿಲ್ಲ."

"ಪುದೀನ ಹಾಕಿ ಅಕ್ಕ. ಬಿಸಿಲು ಗಿಸಿಲು ಏನೂ ಬೇಡ. ನಮ್ಮನೇಲಿ ಗೋಡೆ ನೋಡ್ಕೊಂಡೇ ಬೆಳೀತಿದೆ."

ಕೆಲವು ವಾರ ಕಳೆದ ಮೇಲೆ ಅವರು ಎಲ್ಲರ ಮುಂದೆ ನನ್ನನ್ನು ಹಿಡಿದುಕೊಂಡರು. "ಬಾರಪ್ಪ ಗಿಡದ ಡಾಕ್ಟರೇ! ನಿನ್ನ ಮಾತು ಕಟ್ಕೊಂಡು ಎರಡು ಸಲ ಹಾಕ್ದೆ, ಎರಡೂ ಬಿಳಿಚ್ಕೊಂಡು ಸತ್ವು. ನಿಮ್ಮ ಚಿಕ್ಕಮ್ಮ ಏನ್ ಮಾಡ್ತಾರೆ ಅಂತ ಕೇಳ್ಕೊಂಡು ಬಾ."

ಮನೆ ಹತ್ತಿರವೇ ಇದೆಯಲ್ಲ, ಊಟದ ಬಿಡುವಿನಲ್ಲಿ ಹೋದೆ. ಬಾಗಿಲು ಮುಂದೆ ಮಾಡಿತ್ತು. ಒಳಗೆ ಚಿಕ್ಕಮ್ಮ ಇಲ್ಲ. ಕಿಟಕಿಯಲ್ಲಿ ಡಬ್ಬಗಳೂ ಇಲ್ಲ. ಅವು ಕೂತಿದ್ದ ಜಾಗದಲ್ಲಿ ದುಂಡನೆಯ ಕಲೆ ಮಾತ್ರ.

ಟೆರೇಸಿನ ಮೆಟ್ಟಿಲ ಕಡೆ ಸದ್ದಾಯಿತು. ಹೆಗಲಿಗೆ ಬಟ್ಟೆಚೀಲ, ಚೀಲದ ಬಾಯಿಂದ ಪುದೀನ. ಒಂದು ಕೈಯಲ್ಲಿ ಕಂಬಿ ಹಿಡಿದು, ಮಗುವಿನ ಹಾಗೆ ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಊರುತ್ತ, ಅಡ್ಡಡ್ಡ ಇಳಿಯುತ್ತಿದ್ದಳು. ನನ್ನನ್ನು ಕಂಡು ಬೆಚ್ಚಿದಳು.

"ಯಾಕೋ ಈ ಹೊತ್ತಲ್ಲಿ ಬಂದೆ? ಹುಷಾರಿಲ್ವಾ?"

ತಪ್ಪು ಮಾಡಿ ಸಿಕ್ಕಿಬಿದ್ದವಳ ದನಿ. ತಪ್ಪು ನನ್ನದು, ದನಿ ಅವಳದು.

"ದಿನಾ ಹೊತ್ಕೊಂಡು ಹೋಗ್ತಿದ್ದೀಯಾ?"

"ದಿನಾ ಎಲ್ಲಿ? ಮೋಡ ಇದ್ರೆ ರಜಾ, ನೀನು ಮನೇಲಿದ್ರೂ ರಜಾ."

"ನನಗೊಂದು ಮಾತು ಹೇಳ್ಬಾರ್ದಾ ಚಿಕ್ಕಮ್ಮ?"

"ಬಿಸಿಲು ಧಾರಾಳ ಅಂದಿದ್ದೆಯಲ್ಲ. ನಿನ್ನ ಮಾತು ಯಾಕೆ ಸುಳ್ಳಾಗ್ಬೇಕು ಅಂತ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾನು ಕಿಟಕಿ ನೋಡೇ ಇರ್ಲಿಲ್ಲ," ಅಂದೆ.

"ಗೊತ್ತು ಬಿಡೋ. ಅವತ್ತು ಮೆಟ್ಟಿಲ ಕಡೆ ಓಡಿದ್ದು ಕಾಣ್ಲಿಲ್ವಾ?"

"ಮೇಲೇ ಇಟ್ಬಿಡೋಣ. ನೀರು ನಾನೇ ಹಾಕ್ತೀನಿ."

"ಮೇಲಿಟ್ರೆ ಅದು ಟೆರೇಸ್ ಗಿಡ. ನನಗೆ ಬೇಕಾಗಿದ್ದು ಕಿಟಕಿ ಗಿಡ. ಪಾತ್ರೆ ತೊಳೀತಾ ಮುಖ ಎತ್ತಿದ್ರೆ ಗೋಡೇನೇ ಕಾಣೋದಾದ್ರೆ ಫ್ಯಾಕ್ಟರೀಲೇ ಇರ್ತಿದ್ದೆ, ಸಂಬಳನಾದ್ರೂ ಬರೋದು."

ಆ ಸಂಜೆ ನರ್ಸರಿಗೆ ಹೋಗಿ, ಬಿಸಿಲು ಬೇಡದ ಅಗ್ಗದ ಗಿಡ ಕೇಳಿ ಒಂದು ಮನಿ ಪ್ಲಾಂಟ್ ತಂದೆ. ಚಿಕ್ಕಮ್ಮ ಎಲೆ ಮುರಿದು ಮೂಸಿ ನೋಡಿದಳು. "ವಾಸನೆ ಇಲ್ಲ, ತಿನ್ನೋಕೂ ಬರಲ್ಲ. ನಿನ್ನ ಹಾಗೇ, ನೋಡೋಕೆ ಮಾತ್ರ ಚೆಂದ." ಅದನ್ನು ಫ್ರಿಜ್ಜಿನ ಮೇಲಿಟ್ಟಳು. ನನ್ನ ಪ್ರಾಯಶ್ಚಿತ್ತ ಇಷ್ಟು ಅಗ್ಗದಲ್ಲಿ ಮುಗಿಯುವುದಿಲ್ಲ ಎಂದು ಅರ್ಥವಾಯಿತು.

ಆಮೇಲೆ ರಜೆ ಬಂದಾಗಲೆಲ್ಲ ಹಗಲು ಹೊತ್ತಲ್ಲೇ ಇಬ್ಬರೂ ಮನೆ ನೋಡಿದೆವು. ಅವಳು ಉಳಿದ ಕೋಣೆಗಳಿಗೆ ಕಣ್ಣೂ ಹಾಕದೆ ನೇರವಾಗಿ ಅಡುಗೆಮನೆಗೆ ನುಗ್ಗಿ, ಕಿಟಕಿಯಿಂದ ಅಂಗೈ ಹೊರಗೆ ಚಾಚುತ್ತಿದ್ದಳು, ಬಿಸಿಲನ್ನೇ ಕೈಸಾಲ ಕೇಳುವವಳ ಹಾಗೆ. ಕೊನೆಗೊಂದು ಮನೆಯಲ್ಲಿ ಅಂಗೈ ಬೆಳಗಿತು. ಅವಳು ಕೈ ಹಿಂದೆ ತೆಗೆಯಲೇ ಇಲ್ಲ.

"ಆದ್ರೆ ನಿನ್ನ ಅಂಗಡಿ ದೂರ ಆಗತ್ತಲ್ಲೋ?"

"ಎಲ್ಲಿ ದೂರ? ಇಲ್ಲೇ ಪಕ್ಕದಲ್ಲಿ."

"ಈ ಸಲ ನೋಡ್ಕೊಂಡು ಹೇಳ್ತಿದ್ದೀಯಾ?"

"ನೋಡ್ಕೊಂಡೇ," ಅಂದೆ. ನೋಡಿದ್ದೆ. ಎರಡು ಬಸ್ಸು.

ಮುಂದಿನ ತಿಂಗಳು ಹೋಗುತ್ತೇವೆ. ಅಲ್ಲಿಯವರೆಗೆ ಬೆಳಿಗ್ಗೆ ಡಬ್ಬಗಳನ್ನು ಮೇಲೆ ಹತ್ತಿಸುವವನು ನಾನು, ಊಟದ ಬಿಡುವಿನಲ್ಲಿ ಇಳಿಸುವವನೂ ನಾನು. ಕೂಗಳತೆಯ ಮನೆ ಕೊನೆಗಾದರೂ ಉಪಯೋಗಕ್ಕೆ ಬಂತು.

ನಿನ್ನೆ ಮಾತ್ರ ಎಚ್ಚರವಾಗುವಾಗ ತಡವಾಗಿತ್ತು. ದಡಬಡಿಸಿ ಅಡುಗೆಮನೆಗೆ ಹೋದರೆ ಕಿಟಕಿ ಖಾಲಿ. ಮೆಟ್ಟಿಲ ಕಡೆಯಿಂದ ಅವಳ ದನಿ ಬಂತು.

"ಇನ್ನೊಂದ್ ಸ್ವಲ್ಪ ಮಲ್ಕೊಳ್ಳೋ. ಮುಂದಿನ ತಿಂಗಳಿಂದ ಎರಡು ಬಸ್ ಹತ್ಬೇಕಲ್ಲ."