ಬಲಗಾಲಿನ ಮೇಲೆ ನಿಂತ ಸ್ವಾಮಿ

ಭಕ್ತ ಬಾಂಧವರೇ,

ಸುತ್ತಿಗೆ ಸದ್ದಿಗೆ ಹೆದರುವ ಪಾತ್ರೆ ವ್ಯಾಪಾರಿಯನ್ನು ನೀವು ಕಂಡಿರಲಾರಿರಿ. ಅವನು ನಾನೇ. ದೇವರಾಜ ಮೊಹಲ್ಲಾದಲ್ಲಿ ನನ್ನದು ಹಿತ್ತಾಳೆ ಪಾತ್ರೆ ಅಂಗಡಿ. ಕಳೆದ ಶ್ರಾವಣದಲ್ಲಿ ನನ್ನ ಸವೆದ ಬಲಸೊಂಟದ ಕೀಲು ತೆಗೆದು ಲೋಹದ್ದನ್ನು ಕೂರಿಸಿದರು. ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಕಿವಿ ಎಚ್ಚರವಾಗಿತ್ತು. ನನ್ನ ಮೂಳೆಯ ಮೇಲೆಯೇ ಸುತ್ತಿಗೆ ಬೀಳುವುದನ್ನು ಸಾಂಗವಾಗಿ ಕೇಳಿಸಿಕೊಂಡೆ.

ನೋವು ಹೋಯಿತು, ನಡಿಗೆ ಮರಳಲಿಲ್ಲ. ಬಲಗಾಲಿಟ್ಟಾಗಲೆಲ್ಲ ಮೈ ಬಲಕ್ಕೆ ವಾಲುತ್ತಿತ್ತು. ಎದುರಂಗಡಿಯ ರಾಜಣ್ಣ, “ಏನ್ ಯಜಮಾನ್ರೇ, ಹೆಜ್ಜೆ ಹೆಜ್ಜೆಗೂ ಪಕ್ಕದೋರಿಗೆ ನಮಸ್ಕಾರ ಹಾಕ್ತೀರಲ್ಲ!” ಎಂದ. ನಕ್ಕೆ. ಮನೆಗೆ ಬಂದರೆ ಅನ್ನ ಸೇರಲಿಲ್ಲ.

ಬೇರೊಬ್ಬ ಡಾಕ್ಟರು ಎಕ್ಸ್‌ರೇ ನೋಡಿ, “ಕೀಲು ಚೂರು ಒಳಗೆ ಕೂತಿದೆ. ಬಟ್ಟೆ ಹಗ್ಗದ ಕಂಬಗಳನ್ನ ಹತ್ತಿರ ತಂದ್ರೆ ಹಗ್ಗ ಜೋಲುತ್ತಲ್ಲ, ನಿಮ್ಮ ಸೊಂಟದ ಪಕ್ಕದ ಸ್ನಾಯು ಹಂಗೇ ಸಡಿಲ ಆಗಿದೆ” ಎಂದರು. ಯುಗಾದಿಯವರೆಗೆ ವ್ಯಾಯಾಮ. ಆಗಲೂ ಸೊಂಟ ಜಾರದಂತೆ ಬಲಗಾಲೊಂದರ ಮೇಲೆ ನಿಲ್ಲಲಾಗದಿದ್ದರೆ ಮತ್ತೆ ಆಪರೇಷನ್.

ಮತ್ತೆ ಸುತ್ತಿಗೆ! ಅಂಗಡಿಯಲ್ಲಿ ಯಾರಾದರೂ ತಂಬಿಗೆಯ ತಗ್ಗು ತಟ್ಟಿದರೆ ನಾನು ಬೆವರುತ್ತಿದ್ದೆ. ಬೆಳಿಗ್ಗೆ ಗೋಡೆ ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತುವುದು. ಸಂಜೆ ದಟ್ಟಗಳ್ಳಿಯ ನಮ್ಮ ಮನೆ ಹತ್ತಿರದ ಗುಡಿ; ಬಾಗಿಲ ಕಂಬ ಹಿಡಿದೇ ಚಪ್ಪಲಿ ಬಿಡುತ್ತಿದ್ದೆ. ಅಲ್ಲಿನ ನಟರಾಜಸ್ವಾಮಿ ನಿಂತಿರುವುದೂ ಬಲಗಾಲೊಂದರ ಮೇಲೆಯೇ. “ಸ್ವಾಮೀ, ಕುಣಿತ ನಿನಗೇ ಇರಲಿ. ನಿಲ್ಲುವುದಷ್ಟನ್ನು ನನಗೆ ಕೊಡು” ಎಂದು ದಿನವೂ ಅರ್ಜಿ ಹಾಕುತ್ತಿದ್ದೆ.

ಯುಗಾದಿ ಬಂತು. ಕನ್ನಡಿಯ ಮುಂದೆ ಬಲಗಾಲೊಂದರ ಮೇಲೆ ನಿಂತರೆ, ಎತ್ತಿದ ಎಡಗಾಲಿನ ಕಡೆ ಸೊಂಟ ಜಾರುತ್ತಲೇ ಇತ್ತು. ಹೆಂಡತಿ ಜಯಮ್ಮ ಸದ್ದಿಲ್ಲದೆ ಆಸ್ಪತ್ರೆ ಚೀಲವನ್ನು ಅಟ್ಟದಿಂದ ಇಳಿಸಿದಳು. ನೋಡಿಯೂ ನೋಡದವನಂತಿದ್ದೆ.

ಡಾಕ್ಟರ ಬಳಿ ಹೋಗುವ ಹಿಂದಿನ ಸಂಜೆ, ಗುಡಿ ಬಾಗಿಲಲ್ಲಿ ಸುತ್ತಿಗೆಯನ್ನೇ ನೆನೆಯುತ್ತಾ ಚಪ್ಪಲಿ ಬಿಡುತ್ತಿದ್ದೆ. ಜೊತೆಗೆ ಬಂದಿದ್ದ ಜಯಮ್ಮ ಕಿರುಚಿದಳು: “ರೀ! ಕಂಬ ಎಲ್ರೀ?”

“ಯಾವ ಕಂಬ?”

“ದಿನಾ ಹಿಡ್ಕೊಳ್ಳೋ ಕಂಬ ಕಣ್ರೀ! ಬುಟ್ಬುಟ್ಟಿದೀರಾ! ಅಲ್ಲಾಡ್ಬೇಡಿ!”

ಎಡಗಾಲು ಮೇಲಿತ್ತು, ಅದರ ಚಪ್ಪಲಿ ಕೈಯಲ್ಲಿತ್ತು. ಅವಳು ಹಿಂದೆ ಹೋಗಿ ಬಗ್ಗಿ ನೋಡಿ, “ಸೊಂಟ ಮಟ್ಟಸವಾಗಿದೆ ಕಣ್ರೀ” ಎಂದು ಅತ್ತುಬಿಟ್ಟಳು. ಎದುರಿಗೆ ದೀಪದಲ್ಲಿ ಸ್ವಾಮಿಯೂ ಹಾಗೆಯೇ ನಿಂತಿದ್ದ. ನಾನು ಕೈಮುಗಿದೆ, ಚಪ್ಪಲಿ ಸಮೇತ.

ಮರುದಿನ ಡಾಕ್ಟರು ನಿಲ್ಲಿಸಿ ನೋಡಿ, “ಸ್ನಾಯುವಿಗೆ ಬಲ ಬಂದಿದೆ, ಆಪರೇಷನ್ ಬೇಡ. ವ್ಯಾಯಾಮ ಬಿಡ್ಬೇಡಿ” ಎಂದರು. ಬಿಟ್ಟಿಲ್ಲ. ಗೋಡೆ ಹಿಡಿಸಿದವರು ಅವರು. ಕಂಬ ಬಿಡಿಸಿದವನು ಯಾರೆಂಬುದರಲ್ಲಿ ನನಗೆ ಸಂಶಯವಿಲ್ಲ.

ದಣಿದಾಗ ಈಗಲೂ ಚೂರು ವಾಲುತ್ತೇನೆ. ರಾಜಣ್ಣ ಛೇಡಿಸಿದರೆ, “ಹೌದು ಕಣಯ್ಯ, ನಮಸ್ಕಾರಾನೇ” ಎನ್ನುತ್ತೇನೆ.